ಎಡಗೈಗೆ ಏನಾಗಿದೆ?

ಉಗುರು ತೆಗೆದ ದಿನವೇ ನನಗೆ ಚಾಕುವಿನ ಕೆಲಸ ಬೀಳುತ್ತದೆ. ಭಾನುವಾರ ಬೆಳಿಗ್ಗೆ ವರಾಂಡದಲ್ಲಿ ಹಳೇ ಪೇಪರು ಹಾಸಿಕೊಂಡು ಕೂತು, ಹತ್ತು ಬೆರಳನ್ನೂ ನುಣ್ಣಗೆ ಮಾಡಿಕೊಂಡು ಏಳುವಷ್ಟರಲ್ಲಿ ಕೊರಿಯರ್ ಹುಡುಗ ಗೇಟಿನ ಮುಂದೆ ಬೈಕ್ ನಿಲ್ಲಿಸಿರುತ್ತಾನೆ. ಡಬ್ಬದ ಮೈಗೆಲ್ಲ ಕಂದು ಟೇಪು. ಒಳಗಿರುವುದು ಟೀ ಸೋಸುವ ಜಾಲರಿ. ಸುತ್ತಿದವನು ಮಾತ್ರ ಅದು ಏಳು ಸಮುದ್ರ ದಾಟಿ ಹೋಗಬೇಕು ಅಂದುಕೊಂಡೇ ಸುತ್ತಿರುತ್ತಾನೆ. ನನ್ನ ಡ್ರಾಯರಿನಲ್ಲಿ ಕೆಂಪು ಹಿಡಿಯ ಮಡಚುವ ಚಾಕು ಒಂದಿದೆ. ಮೆಜೆಸ್ಟಿಕ್ಕಿನ ಫುಟ್‌ಪಾತಿನಲ್ಲಿ ಕೊಂಡದ್ದು, ಸ್ವಿಟ್ಜರ್ಲೆಂಡಿನದು ಎಂದು ಮಾರಿದವನೂ ಹೇಳಲಿಲ್ಲ, ಕೊಂಡ ನಾನೂ ಕೇಳಲಿಲ್ಲ. ಅದರ ಅಲಗಿನ ಬೆನ್ನಿಗೆ ಹತ್ತಿರದಲ್ಲಿ ಉಗುರು ಸಿಕ್ಕಿಸಲು ಒಂದು ಸಣ್ಣ ಗೀರು ಇದೆ. ಹೆಬ್ಬೆರಳಿನ ಉಗುರನ್ನು ಆ ಗೀರಿಗೆ ಕೊಟ್ಟು, ಎಡಗೈಯಲ್ಲಿ ಹಿಡಿಯನ್ನು ಬಿಗಿಯಾಗಿ ಹಿಡಿದು ಎಳೆದರೆ ಅಲಗು ಹೊರಗೆ ಬರಬೇಕು. ಉಗುರೇ ಇಲ್ಲದ ಬೆರಳು ಅದರ ಮೇಲೆ ಜಾರಿ ಜಾರಿ ಹೋಗುತ್ತದೆ. ಕೊನೆಗೆ ಟೇಪನ್ನು ಹಲ್ಲಿನಿಂದ ಕಚ್ಚುತ್ತೇನೆ.

ಮಂಗಳವಾರ ಉಗುರು ತೆಗೆಯಬಾರದು, ಶುಕ್ರವಾರ ಕೂಡದು, ಶನಿವಾರ ಕೇಳಲೇಬೇಡ, ದೀಪ ಹಚ್ಚಿದ ಮೇಲಂತೂ ಮನೆಗೇ ಕೇಡು ಎಂದು ಅಜ್ಜಿ ಹೇಳುತ್ತಿದ್ದಳು. ಈ ಕಟ್ಟಳೆಯನ್ನೆಲ್ಲ ಮಾಡಿದ ಹಿರಿಯರ ಸೊಂಟದಲ್ಲಿ ಮಡಚುವ ಚಾಕು ಇದ್ದಿರಬೇಕು ಎಂದು ಈಗ ಅನುಮಾನ. ಸ್ವಿಟ್ಜರ್ಲೆಂಡಿನ ಇಬಾಕ್ ಎಂಬ ಊರಿನ ಕಾರ್ಲ್ ಎಲ್ಸೆನರ್ ಸೇನೆಯ ಅಧಿಕಾರಿಗಳಿಗೆಂದು ಮಾಡಿದ ತನ್ನ ಪ್ರಸಿದ್ಧ ಚಾಕುವನ್ನು ನೋಂದಾಯಿಸಿದ್ದು 1897ರಲ್ಲಿ. ಅದರಲ್ಲಿ ತಿರುಪುಳಿ ಸೇರಿತು, ಡಬ್ಬ ತೆಗೆಯುವ ಕೊಕ್ಕೆ ಸೇರಿತು, ಬಿರಡೆ ಕೀಳುವ ಸುರುಳಿ ಸೇರಿತು, ಮುಂದೆ ಭೂತಗನ್ನಡಿಯೂ ಸೇರಿತು. ಆದರೆ ಅದನ್ನೆಲ್ಲ ಹೊರಗೆಳೆಯಲು ಉಗುರು ಮಾತ್ರ ನಮ್ಮದೇ ಇರಬೇಕು. ಸೈನ್ಯಕ್ಕೆ ಉಗುರು ಬಿಡಬೇಡಿ ಎನ್ನುವ ಶಿಸ್ತೂ ಇರುತ್ತದಲ್ಲ, ಆ ಸಿಪಾಯಿಗಳು ಹೇಗೆ ತೆಗೆಯುತ್ತಿದ್ದರೋ.

ನನ್ನ ಹಲ್ಲಿನ ಸಾಹಸವನ್ನು ನೋಡಿದವನು ತಂಗಿಯ ಮಗ. ಪೀಣ್ಯದ ಒಂದು ಯಂತ್ರಶಾಲೆಯಲ್ಲಿ ಅವನ ಕೆಲಸ. ಕಬ್ಬಿಣವನ್ನು ಕೂದಲೆಳೆಯ ಲೆಕ್ಕದಲ್ಲಿ ಕೊರೆಯುವವರು ಮನೆಯ ಯಾವ ವಸ್ತುವನ್ನೂ ಸುಮ್ಮನೆ ನೋಡುವುದಿಲ್ಲ. ನಮ್ಮ ಬಾಗಿಲಿನ ಚಿಲಕ, ಕುಕ್ಕರಿನ ಹಿಡಿ, ನನ್ನ ಕನ್ನಡಕದ ತಿರುಪು ಎಲ್ಲದರ ಮೇಲೂ ಅವನದೊಂದು ಟೀಕೆ ಇರುತ್ತದೆ. 2024ರ ನವೆಂಬರಿನಲ್ಲಿ ಹಸಿರು ಮಾರ್ಗ ನಾಗಸಂದ್ರದಿಂದ ಮಾದಾವರದವರೆಗೆ ಬಂದಮೇಲೆ ಅವನು ಮೆಟ್ರೋದಲ್ಲಿ ಬಂದು, ಅಲ್ಲಿಂದ ಬಸ್ಸು ಹಿಡಿದು ಮಾಕಳಿಯಲ್ಲಿ ಇಳಿಯುತ್ತಾನೆ. ಮಾಕಳಿ ಎಂದ ಕೂಡಲೇ ಬೆಂಗಳೂರಿನವರು "ಓ, ಟ್ರೆಕ್ಕಿಂಗ್ ಹೋಗ್ತಾರಲ್ಲ" ಎನ್ನುತ್ತಾರೆ. ಅದು ದೊಡ್ಡಬಳ್ಳಾಪುರದ ಕಡೆಯ ಮಾಕಳಿದುರ್ಗ. ನಮ್ಮದು ತುಮಕೂರು ರಸ್ತೆಯ ಮಾಕಳಿ. ನಮ್ಮಲ್ಲಿ ಬೆಟ್ಟವಿಲ್ಲ, ಹಿಮಾಲಯ ಮಾತ್ರ ಇದೆ. ಔಷಧಿಯ ಕಂಪನಿ, ಅದರ ಗೇಟೇ ಎಷ್ಟೋ ಜನಕ್ಕೆ ನಮ್ಮೂರಿನ ಗುರುತು.

ಮುಂದಿನ ವಾರ ಅವನು ಬೈಕಿನಲ್ಲಿ ಬಂದ. ಯಾಕೆಂದರೆ ಜೇಬಿನಲ್ಲಿ ನನಗೊಂದು ಹೊಸ ಚಾಕು ಇತ್ತು, ಮೆಟ್ರೋದ ತಪಾಸಣೆಯವರು ಅದನ್ನು ಒಳಗೆ ಬಿಡುವುದಿಲ್ಲ. ಬೂದು ಬಣ್ಣದ ಲೋಹದ ಹಿಡಿ, ನನ್ನ ಬೆರಳಿಗಿಂತ ಚೂರು ಉದ್ದದ ಅಲಗು, ಗೀರು ಎಲ್ಲೂ ಇಲ್ಲ. ಬದಲಿಗೆ ಅಲಗಿನ ಬುಡದಲ್ಲಿ ಮೊಳೆಯ ತಲೆಯಂಥ ಒಂದು ಗುಬುಟು. "ಇದು ಒಂದೇ ಕೈಯಲ್ಲಿ ತೆಗೆಯೋದು ಮಾವ" ಅಂದ. ಕೈಯನ್ನು ಸೊಂಟದಿಂದ ಎದೆಯ ಹತ್ತಿರ ತರುವುದರೊಳಗೆ ಟಕ್ ಎಂದಿತು. ಅಲಗು ಹೊರಗೆ ನಿಂತಿತ್ತು. ಅವನ ಎಡಗೈ ಬಾಳೆಹಣ್ಣು ಸುಲಿಯುತ್ತಿತ್ತು.

ಅಡುಗೆಮನೆಯಿಂದ ಇದನ್ನು ನೋಡಿದ ನನ್ನ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲಾ, ನಿಮ್ಮ ಎಡಗೈಗೆ ಏನಾಗಿದೆ ಅಂತ?"

ಪ್ರಶ್ನೆ ಅಲ್ಲೇ ಮುಗಿಯಲಿಲ್ಲ, ಆದರೆ ಮೊದಲು ವಿದ್ಯೆಯ ಮಾತು. ಹೆಬ್ಬೆರಳಿನಿಂದ ಗುಬುಟನ್ನು ತಳ್ಳಿದರೆ ತೆರೆಯುತ್ತದೆ ಎಂಬಷ್ಟು ಸುಲಭವಾಗಿದ್ದರೆ ನನಗೂ ಬರುತ್ತಿತ್ತು. ನಾನು ಎಷ್ಟು ತಳ್ಳಿದರೂ ಅಲಗು ಕದಲಲಿಲ್ಲ. ಹುಡುಗ ನನ್ನ ಕೈಯನ್ನು ತಿರುಗಿಸಿ ಲೇತಿನ ಮೇಲಿನ ಕೆಲಸ ನೋಡುವ ಹಾಗೆ ನೋಡಿದ. ಮುಚ್ಚಿದ ಅಲಗು ಜೇಬಿನಲ್ಲಿ ತಾನಾಗಿ ತೆರೆದುಕೊಳ್ಳಬಾರದು. ಅದಕ್ಕೆ ಒಳಗೆ ಸಾಸಿವೆ ಗಾತ್ರದ ಉಕ್ಕಿನ ಗುಂಡೊಂದನ್ನು ಕೂರಿಸಿರುತ್ತಾರೆ, ಅಲಗಿನ ಬುಡದಲ್ಲಿ ಅದಕ್ಕೆ ಸರಿಯಾಗಿ ಒಂದು ಗುಳಿ. ಹಿಡಿಯ ಒಂದು ಮಗ್ಗುಲಿನ ಪಟ್ಟಿಯೇ ಸ್ಪ್ರಿಂಗಿನಂತೆ ಒಳಕ್ಕೆ ಬಾಗಿ ಆ ಗುಂಡನ್ನು ಗುಳಿಗೆ ಒತ್ತಿಕೊಂಡಿರುತ್ತದೆ. ನಾನು ಭಯಕ್ಕೆ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದೆ. ಹಿಂದಿನ ನಾಲ್ಕು ಬೆರಳೂ ಸರಿಯಾಗಿ ಅದೇ ಪಟ್ಟಿಯ ಮೇಲೆ ಕೂತಿದ್ದವು. "ಮಾವ, ನೀವು ಮುಂದಿನಿಂದ ತಳ್ತಾ ಇದೀರ, ಹಿಂದಿನಿಂದ ಬೀಗ ಹಾಕ್ತಾ ಇದೀರ." ಬೆರಳನ್ನು ಆ ಪಟ್ಟಿಯಿಂದ ಆಚೆ ಸರಿಸಬೇಕು, ಹಿಡಿತ ಸಡಿಲ ಇರಬೇಕು, ಹೆಬ್ಬೆರಳು ನೇರಕ್ಕೆ ತಳ್ಳದೆ ಕೀಲಿನ ಸುತ್ತ ಕಮಾನು ಬರೆಯುವ ಹಾಗೆ ಹೋಗಬೇಕು. ಮಣಿಕಟ್ಟು ಅಲ್ಲಾಡಕೂಡದು. ಮಣಿಕಟ್ಟು ಝಾಡಿಸಿ ತೆಗೆಯುವವರೂ ಇದ್ದಾರಂತೆ, ಅದು ಕೀಲನ್ನು ಸಡಿಲ ಮಾಡುತ್ತದೆ, ಮೇಲಾಗಿ ಹುಡುಗಾಟದ ಲಕ್ಷಣ ಅಂದ. ಅವನಿಗೆ ವಯಸ್ಸು ಇಪ್ಪತ್ತಾರು.

ಆಮೇಲೆ ಅವನಿಂದ ನನಗೆ ಇಡೀ ವಂಶಾವಳಿಯ ಪಾಠವಾಯಿತು. ಅಮೆರಿಕದ ಕೊಲೊರಾಡೊದ ಸ್ಪೈಡರ್ಕೊ ಎಂಬ ಕಂಪನಿ 1981ರಲ್ಲಿ ಅಲಗಿನಲ್ಲೇ ದುಂಡಗೆ ಒಂದು ತೂತು ಕೊರೆದು, ಅದಕ್ಕೆ ಹೆಬ್ಬೆರಳು ಕೊಟ್ಟು ತೆರೆಯುವ ಚಾಕು ತಂದಿತು. ಕೈಗವಸು ಹಾಕಿದವರಿಗೂ ಅದು ಸಲೀಸು. ಇನ್ನೊಂದು ಜಾತಿಯಲ್ಲಿ ಮುಚ್ಚಿದ ಅಲಗಿನ ಬುಡ ಹಿಡಿಯ ಬೆನ್ನಿನಾಚೆಗೆ ಮೀನಿನ ರೆಕ್ಕೆಯ ಹಾಗೆ ಸ್ವಲ್ಪ ಇಣುಕುತ್ತಿರುತ್ತದೆ. ತೋರುಬೆರಳಿನಿಂದ ಅದನ್ನು ಹಿಂದಕ್ಕೆ ಎಳೆದರೆ ಅಲಗು ತಾನೇ ಚಿಮ್ಮುತ್ತದೆ. ಎಮರ್ಸನ್ ಎಂಬಾತ ಅಲಗಿನ ಬೆನ್ನಿಗೆ ಒಂದು ಕೊಕ್ಕೆ ಇಟ್ಟ. ಜೇಬಿನಿಂದ ಎಳೆಯುವಾಗ ಅದು ಜೇಬಿನ ಅಂಚಿಗೆ ತಗುಲಿ, ಕೈ ಹೊರಗೆ ಬರುವುದರೊಳಗೆ ಚಾಕು ತೆರೆದಿರುತ್ತದೆ. ನನ್ನ ಜೇಬಿನ ಹೊಲಿಗೆಯ ಸ್ಥಿತಿ ನೋಡಿದರೆ ಚಾಕುವಿಗಿಂತ ಮೊದಲು ಜೇಬೇ ತೆರೆಯುತ್ತದೆ. ಫ್ರಾನ್ಸಿನ ಸವಾಯ್ ಸೀಮೆಯ ಓಪಿನೆಲ್ ಚಾಕುವಿಗೆ ಮರದ ಹಿಡಿ. ಮಳೆಗಾಲದಲ್ಲಿ ಮರ ಊದಿಕೊಂಡು ಅಲಗನ್ನು ಕಚ್ಚಿಬಿಡುತ್ತದೆ. ಆಗ ಅಲ್ಲಿಯ ರೈತರು ಹಿಡಿಯ ಹಿಂಬದಿಯನ್ನು ಮೇಜಿಗೆ ಒಮ್ಮೆ ಕುಟ್ಟುತ್ತಾರೆ, ಅಲಗು ತಲೆ ಎತ್ತುತ್ತದೆ. ಈ ಪಟ್ಟಿಯಲ್ಲಿ ನನಗೆ ಮೆಚ್ಚುಗೆಯಾದದ್ದು ಇದೊಂದೇ. ಯಂತ್ರ ಕೆಟ್ಟಾಗ ಕುಟ್ಟುವುದು ಟ್ರಾನ್ಸಿಸ್ಟರ್ ಕಾಲದ ನಮ್ಮದೂ ವಿದ್ಯೆ.

ಆದರೆ ಟಕ್ ಎಂಬ ಆ ಸದ್ದಿಗೆ ನನ್ನ ಮೈ ಮೊದಲ ಸಲ ಝುಂ ಎಂದದ್ದು ನೆಲಮಂಗಲದ ಕಡೆಯ ಟೂರಿಂಗ್ ಟಾಕೀಸಿನ ಮರಳಿನ ಮೇಲೆ ಕೂತಾಗ. ಖಳನ ಬಲಗೈ ಸೊಂಟದ ಹತ್ತಿರ ಹೋಗುತ್ತಿತ್ತು. ಕ್ಯಾಮೆರಾ ಅವನ ಮುಖವನ್ನು ಬಿಟ್ಟು ಕೈಗೆ ಬರುತ್ತಿತ್ತು. ಬಟನ್ ಚಾಕು. ಕಟಕಟ ಎಂದು ಅದು ಬಿಚ್ಚಿಕೊಳ್ಳುವಾಗ ನೆಲದ ಮೇಲಿನ ನಾವೆಲ್ಲ ಒಂದು ಗೇಣು ಹಿಂದೆ ಸರಿಯುತ್ತಿದ್ದೆವು. ಆ ಸದ್ದನ್ನು ಬೇರೆ ಎಲ್ಲೋ, ಸ್ಟುಡಿಯೋದಲ್ಲಿ ಕೂತು ಸೇರಿಸುತ್ತಾರೆ ಎಂದು ಆಗ ಗೊತ್ತಿರಲಿಲ್ಲ. ಗೊತ್ತಿದ್ದರೂ ಹಿಂದೆ ಸರಿಯುತ್ತಿದ್ದೆವು. ಒಂದು ವಿಷಯ ಮಾತ್ರ ಆಗಲೇ ಗಮನಿಸಿದ್ದೆ: ಚಾಕು ತೆರೆದ ಖಳನ ಎಡಗೈ ಯಾವಾಗಲೂ ಖಾಲಿ. ಎರಡು ಕೈ ಹಾಕಿ ನಿಧಾನಕ್ಕೆ ಚಾಕು ಬಿಚ್ಚುವ ಖಳನಿಗೆ ಯಾರು ಹೆದರುತ್ತಾರೆ? ಉತ್ತರ ಪ್ರದೇಶದ ರಾಂಪುರದಲ್ಲಿ ತಯಾರಾಗುತ್ತಿದ್ದ ಇಂಥ ಚಾಕುವಿನ ಹೆಸರು ಹಿಂದಿ ಸಿನಿಮಾಗಳಿಂದ ದೇಶಕ್ಕೆಲ್ಲ ಹಬ್ಬಿತು. 2023ರಲ್ಲಿ ಆ ಊರಿನವರು ಒಂದು ವೃತ್ತದಲ್ಲಿ ಸುಮಾರು 20 ಅಡಿಯ ಚಾಕುವನ್ನೇ ನಿಲ್ಲಿಸಿದ್ದಾರೆ, ಬಿಚ್ಚಿಯೇ. ಇತ್ತ ಜರ್ಮನಿಯವರು 2008ರಲ್ಲಿ ಕಾನೂನು ಮಾಡಿ, ಒಂದೇ ಕೈಯಲ್ಲಿ ತೆರೆದು ಬಿಗಿಯಾಗಿ ನಿಲ್ಲುವ ಚಾಕುವನ್ನು ತಕ್ಕ ಕಾರಣವಿಲ್ಲದೆ ಹೊರಗೆ ಒಯ್ಯಬಾರದು ಅಂದರು. ಅಂದರೆ ಜರ್ಮನಿಯ ಸರ್ಕಾರ ಕೇಳುತ್ತಿರುವುದೂ ನನ್ನ ಹೆಂಡತಿಯ ಪ್ರಶ್ನೆಯನ್ನೇ.

ಎಡಗೈಗೆ ನಿಜವಾಗಿ ಬೇರೆ ಕೆಲಸ ಇರುವವರು ಯಾರು ಎಂದು ಯೋಚಿಸುತ್ತ ಹೋದೆ. ಉತ್ತರ ಸಿಕ್ಕಿದ್ದು ಬಸ್ ಸ್ಟಾಪಿನ ಹತ್ತಿರದ ಕಟಿಂಗ್ ಶಾಪಿನ ಕುರ್ಚಿಯಲ್ಲಿ, ಗಲ್ಲಕ್ಕೆಲ್ಲ ನೊರೆ ಹಚ್ಚಿಸಿಕೊಂಡು ಕೂತಿದ್ದಾಗ. ಅಲ್ಲಿಯವರು ಕಾಗದದ ಸಮೇತವೇ ಬ್ಲೇಡನ್ನು ನಡುವಿಗೆ ಮಡಚಿ ಲಟಕ್ಕನೆ ಎರಡು ತುಂಡು ಮಾಡುತ್ತಾರೆ. ಅರ್ಧವನ್ನು ಕತ್ತಿಯ ಬಾಯಿಗೆ ತೂರಿಸುತ್ತಾರೆ. ಎಚ್‌ಐವಿಯ ಭಯ ಹಬ್ಬಿದಮೇಲೆ ಗಿರಾಕಿಗೊಂದು ಹೊಸ ಬ್ಲೇಡು; ಅದಕ್ಕೆ ಮುಂಚೆ ಒಂದೇ ಕತ್ತಿಯನ್ನು ಚರ್ಮದ ಪಟ್ಟಿಗೆ ಮಸೆದು ಮಸೆದು ಊರಿಗೆಲ್ಲ ಹೊರೆಯುತ್ತಿದ್ದರು. ಆ ಕತ್ತಿಯೂ ಮಡಚುವ ಚಾಕುವೇ ತಾನೆ. ಅದಕ್ಕೆ ಬೀಗವಿಲ್ಲ, ಗುಂಡು ಗುಳಿ ಇಲ್ಲ, ಕೀಲು ಸಡಿಲವೇ ಇರಬೇಕು. ಬುಡದಲ್ಲಿ ಒಂದು ಸಣ್ಣ ಬಾಲವಿದೆ. ಅದನ್ನು ಒತ್ತಿದೊಡನೆ ಅಲಗು ಏಳುತ್ತದೆ, ಹಿಡಿ ಹಿಂದಕ್ಕೆ ಮಗುಚಿ ಆಕಾಶ ನೋಡುತ್ತದೆ, ಮೂರು ಬೆರಳು ಅಲಗಿನ ಕುತ್ತಿಗೆಯ ಮೇಲೆ, ಕಿರುಬೆರಳು ಬಾಲದ ಮೇಲೆ. ಕಣ್ಣು ಮುಚ್ಚಿ ಬಿಡುವುದರೊಳಗೆ ಇಷ್ಟೂ ಆಗಿರುತ್ತದೆ. ಅವರು ಕತ್ತಿಯ ಕಡೆ ನೋಡುವುದೂ ಇಲ್ಲ. ಟಿವಿಯಲ್ಲಿ ಬರುವ ಸುದ್ದಿ ನೋಡುತ್ತಿರುತ್ತಾರೆ. ಎಡಗೈ ಎಲ್ಲಿದೆ? ನನ್ನ ತಲೆಯ ಮೇಲೆ. ಅದನ್ನು ಆಚೆ ತಿರುಗಿಸಿ, ಕಿವಿಯ ಹತ್ತಿರದ ಚರ್ಮ ಜಗ್ಗಿ ಹಿಡಿದಿದೆ. ಪುಣ್ಯಾತ್ಮ ಎಡಗೈ ತೆಗೆದರೆ ನಾನೇ ಸುದ್ದಿಯಾಗಿಬಿಡುತ್ತೇನೆ.

ಅಜ್ಜಿಯ ಅಡಕತ್ತರಿ ನೆನಪಾದದ್ದೂ ಆಗಲೇ. ಸೋಲೂರಿನ ಕಡೆಯ ಹೆಂಗಸು ಅವಳು, ಸೊಂಟಕ್ಕೆ ಸಿಕ್ಕಿಸಿದ ಎಲಡಿಕೆ ಸಂಚಿ ರಾತ್ರಿ ಮಲಗುವಾಗ ಮಾತ್ರ ತಲೆದಿಂಬಿನ ಕೆಳಗೆ ಹೋಗುತ್ತಿತ್ತು. ಎಡ ಅಂಗೈ ಮೇಲೆ ವೀಳ್ಯದೆಲೆ. ಅದೇ ಕೈಯ ಹೆಬ್ಬೆರಳಿನಿಂದ ಎಲೆಯ ಬೆನ್ನಿಗೆ ಸುಣ್ಣ ಸವರುತ್ತಿದ್ದಳು. ಬಲಗೈ ಮಾತ್ರ ತನ್ನ ಪಾಡಿಗೆ ಅಡಿಕೆ ಕತ್ತರಿಸುತ್ತಿತ್ತು. ಕತ್ತರಿಯ ಮೇಲಿನ ತೋಳು ಹೆಬ್ಬೆರಳಿನ ಬುಡದಲ್ಲಿ, ಕೆಳಗಿನ ತೋಳನ್ನು ಮೂರು ಬೆರಳು ಹೊರಗಿನಿಂದ ಹಿಡಿದಿದ್ದರೆ ಕಿರುಬೆರಳೊಂದು ಒಳಗೆ ನುಸುಳಿರುತ್ತಿತ್ತು. ಮೂರು ಬೆರಳು ಮುಚ್ಚುವುದಕ್ಕೆ, ಒಂದು ಬೆರಳು ತೆರೆಯುವುದಕ್ಕೆ. ಆ ಕಿರುಬೆರಳು ಕತ್ತರಿಯನ್ನು ಮತ್ತೆ ಮತ್ತೆ ಹಿಂದಕ್ಕೆ ನೂಕುವುದನ್ನು ನಾನು ಬಾಯಿಬಿಟ್ಟುಕೊಂಡು ನೋಡುತ್ತಿದ್ದೆ. ಹೋಳು ಒಂದೇ ಸಮ ಇರುತ್ತಿತ್ತು. ಅಷ್ಟರಲ್ಲಿ ಬಾಯಿ ಯಾರದೋ ಮನೆಯ ಮದುವೆಯ ಊಟವನ್ನು ಆಡಿಕೊಳ್ಳುತ್ತಿತ್ತು. ಪೀಣ್ಯದ ಹುಡುಗನಿಗೆ ಇದನ್ನು ಮಾಡಿ ತೋರಿಸಲು ಹೋದೆ. ಮನೆಯಲ್ಲಿ ಅಡಕತ್ತರಿ ಇರಲಿಲ್ಲ; ಇಕ್ಕಳ ಹಿಡಿದು ತೋರಿಸಿದೆ. ನನ್ನ ಕಿರುಬೆರಳಿಗೆ ಅಷ್ಟು ಬುದ್ಧಿ ಇಲ್ಲ.

ಹೀಗೆ ನನ್ನದೊಂದು ಸಿದ್ಧಾಂತ ತಯಾರಾಯಿತು: ಒಂದು ಕೈ ಕಟ್ಟಿಹಾಕಿದವನಿಗೇ ಇನ್ನೊಂದು ಕೈಗೆ ಈ ವಿದ್ಯೆ ಬರುವುದು. ಅದನ್ನು ಹೊತ್ತುಕೊಂಡು ಹೆಸರಘಟ್ಟದ ರಸ್ತೆಯ ಒಂದು ನರ್ಸರಿಗೆ ಹೋದೆ. ಹೋದದ್ದು ಸಪೋಟ ಗಿಡಕ್ಕೆ. ನಮ್ಮೂರಿನಿಂದ ಹೆಸರಘಟ್ಟ ಅಷ್ಟೇನೂ ದೂರವಿಲ್ಲ. 1894ರಲ್ಲಿ ಅರ್ಕಾವತಿಗೆ ಕಟ್ಟೆ ಕಟ್ಟಿ ಬೆಂಗಳೂರಿಗೆ ನೀರು ಕೊಟ್ಟ ಊರು, 1967ರಲ್ಲಿ ಸ್ಥಾಪನೆಯಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇರುವ ಊರು. ಆ ದಾರಿಯುದ್ದಕ್ಕೂ ಕಸಿ ಕಟ್ಟುವವರಿಗೆ ಬರವಿಲ್ಲ. ನರ್ಸರಿಯ ಹಸಿರು ಬಲೆಯ ನೆರಳಿನಲ್ಲಿ ಒಬ್ಬ ಮುದುಕರು ಗೋಣಿಚೀಲದ ಮೇಲೆ ಕೂತು ಮಾವಿಗೆ ಕಸಿ ಕಟ್ಟುತ್ತಿದ್ದರು. ಎಡಗೈಯಲ್ಲಿ ವಾಟೆಯಿಂದ ಎದ್ದ ಎಳೆ ಸಸಿ. ತಲೆ ಹಾರಿಸಿ, ನಡುವೆ ಒಂದೂವರೆ ಇಂಚಿನಷ್ಟು ಸೀಳು. ಒಳ್ಳೆ ಮರದ ಕಡ್ಡಿಯನ್ನು ತುಟಿಗಳ ನಡುವೆ ಕಚ್ಚಿಕೊಂಡಿದ್ದರು. ಎಲೆ ಸವರಿ ವಾರ ಕಳೆದಿದ್ದರಿಂದ ಅದರ ಕುಡಿಮೊಗ್ಗು ಊದಿಕೊಂಡಿತ್ತು. ಅದರ ಬುಡವನ್ನು ಎರಡೂ ಕಡೆಯಿಂದ ಬೆಣೆಯ ಹಾಗೆ ಕೆತ್ತಿ, ಸೀಳಿಗೆ ಇಳಿಸಿ, ಸಿಪ್ಪೆಗೆ ಸಿಪ್ಪೆ ಸೇರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿದರು. ಮೇಲೆ ಐಸ್ ಕ್ಯಾಂಡಿಯ ಕವರು ಟೋಪಿ. ಕೊಯ್ದ ಜಾಗ ಒಣಗಿದರೆ ಕಸಿ ಹಿಡಿಯುವುದಿಲ್ಲ, ಆದ್ದರಿಂದ ಎಲ್ಲವೂ ಚಕಚಕ ಆಗಬೇಕು.

ಅವರ ಕೈಯಲ್ಲಿದ್ದದ್ದು ಮಡಚುವ ಚಾಕುವೇ, ಗೀರು ಇರುವ ಹಳೆಯ ಜಾತಿ. ನನಗೆ ಖುಷಿಯಾಯಿತು. ಎಡಗೈ ಹೀಗೆ ಸಸಿಗೆ ಕಟ್ಟುಬಿದ್ದಿರುವಾಗ ಇದನ್ನು ಒಂದು ಕೈಯಲ್ಲಿ ಹೇಗೆ ತೆರೆದು ಮುಚ್ಚುತ್ತೀರಿ ಎಂದು ಕೇಳಿದೆ.

ಅವರು ತುಟಿಯಿಂದ ಕಡ್ಡಿ ತೆಗೆದು ನನ್ನನ್ನು ನೋಡಿದರು. "ಮುಚ್ಚೋದ್ಯಾಕೆ ಸ್ವಾಮಿ? ತಿರುಗಾ ತೆಗೆಯೋದಕ್ಕಾ?"

ಬೆಳಿಗ್ಗೆ ಏಳಕ್ಕೆ ಬಿಚ್ಚಿದ ಚಾಕು ಊಟದ ಹೊತ್ತಿನವರೆಗೆ ಬಿಚ್ಚಿಯೇ ಇರುತ್ತದಂತೆ. ಸೊನೆ ಅಂಟಿದಾಗ ಪಕ್ಕದ ಒದ್ದೆ ಬಟ್ಟೆಗೆ ಒರೆಸುತ್ತಾರೆ, ಅಷ್ಟೆ. ಕೀಲು ತುಕ್ಕು ಹಿಡಿದು ಬಿಗಿದುಕೊಂಡಿದೆ, ಒಳ್ಳೆಯದೇ ಆಯಿತು, ಅಲ್ಲಾಡುವುದಿಲ್ಲ ಅಂದರು. ದಿನವೆಲ್ಲ ಚಾಕುವಿನಲ್ಲೇ ಬದುಕುವ ಮನುಷ್ಯನಿಗೆ ಅದನ್ನು ಬೇಗ ತೆರೆಯುವ ತಾಪತ್ರಯವೇ ಇಲ್ಲ. ನಾನು ಟಿವಿ ಮುಂದೆ ಕೂತು ಸಂಜೆಯೆಲ್ಲ ಟಕ್ ಟಕ್ ಎನ್ನಿಸುತ್ತಿದ್ದೆ, ಕೊಯ್ಯುವುದಕ್ಕೆ ಎದುರಿಗೆ ಒಂದು ನಿಂಬೆಹಣ್ಣೂ ಇರುತ್ತಿರಲಿಲ್ಲ. ಸಪೋಟ ಗಿಡ ಹಿಡಿದು ಬಸ್ಸಿಗೆ ಕಾಯುವಾಗ ನನ್ನ ಸಿದ್ಧಾಂತವನ್ನು ಅಲ್ಲೇ ಬಿಟ್ಟೆ.

ಆ ಟಕ್ ಟಕ್‌ನಿಂದ ಒಂದು ಮಾತ್ರ ಗೊತ್ತಾಗಿತ್ತು. ತೆರೆಯುವ ವಿದ್ಯೆಯ ಬಗ್ಗೆ ಇಷ್ಟು ಜಂಬ ಕೊಚ್ಚುವವರು ಮುಚ್ಚುವುದರ ಬಗ್ಗೆ ಬಾಯಿ ಬಿಡುವುದಿಲ್ಲ. ತೆರೆಯುವಾಗ ಅಲಗು ಬೆರಳುಗಳಿಂದ ದೂರ ಹೋಗುತ್ತದೆ, ಮುಚ್ಚುವಾಗ ಬೆರಳುಗಳ ಕಡೆಗೇ ಬರುತ್ತದೆ. ಆಗ ಹೆಬ್ಬೆರಳು ತೆರೆದ ಅಲಗಿಗೆ ಬೀಗವಾಗಿ ಕೂತಿರುವ ಅದೇ ಪಟ್ಟಿಯನ್ನು ಪಕ್ಕಕ್ಕೆ ಒತ್ತಬೇಕು, ತೋರುಬೆರಳು ಅಲಗಿನ ಬೆನ್ನನ್ನು ಚೂರು ಮಡಿಸಬೇಕು, ಪಟ್ಟಿ ಬಿಟ್ಟುಕೊಟ್ಟ ಕ್ಷಣಕ್ಕೆ ಹೆಬ್ಬೆರಳು ದಾರಿಯಿಂದ ಏಳಬೇಕು. ಅದು ಒಂದು ಗಳಿಗೆ ಆಲಸ್ಯ ಮಾಡಿದರೆ ಕತೆ ಬೇರೆ. ಅಲಗಿನ ಬೆನ್ನನ್ನು ತೊಡೆಗೆ ಒತ್ತಿ ಮುಚ್ಚುವುದು ಸುಲಭ ಎಂದು ಹುಡುಗ ತೋರಿಸಿಕೊಟ್ಟಿದ್ದ. ಪಂಚೆ ಉಟ್ಟವರು ಆ ಪ್ರಯೋಗಕ್ಕೆ ಹೋಗಬಾರದು. ನಾನು ಯಾರೂ ನೋಡದಿದ್ದಾಗ ಎಡಗೈ ಸೇರಿಸಿಯೇ ಮುಚ್ಚುತ್ತೇನೆ.

ಬೇಸಿಗೆ ಬಂತು, ಹುಡುಗ ಸಿದ್ದು ಹಲಸು ತಂದ. ಗುಬ್ಬಿ ತಾಲ್ಲೂಕಿನ ಚೇಳೂರಿನ ಒಂದೇ ಮರದಿಂದ ಕಸಿಯಾಗಿ ಹರಡಿದ ತಳಿ ಇದು. ಹಲಸು ಬೀಜದಿಂದ ಬಂದರೆ ತಾಯಿಮರದ ಗುಣ ಬರುತ್ತದೆಂಬ ಭರವಸೆ ಇಲ್ಲ, ಆದ್ದರಿಂದ ಆ ಮರದ ಕಡ್ಡಿಗೆ ಅಷ್ಟು ಬೇಡಿಕೆ. ಹಣ್ಣು ಎರಡೂವರೆ ಕೆಜಿ ಆಸುಪಾಸು, ತೊಳೆ ತಾಮ್ರದ ಕೆಂಪು. ನನ್ನ ಹೆಂಡತಿ ಮಚ್ಚು, ಕೊಬ್ಬರಿ ಎಣ್ಣೆ, ಹಳೆ ಪೇಪರು ಎಲ್ಲ ಜೋಡಿಸುತ್ತಿದ್ದಳು. "ಇಷ್ಟು ಚಿಕ್ಕ ಹಣ್ಣಿಗೆ ಮಚ್ಚು ಯಾಕತ್ತೆ" ಎಂದು ಹುಡುಗ ಮೇಜಿನ ಮೇಲಿದ್ದ ನನ್ನ ಚಾಕು ತೆಗೆದುಕೊಂಡ. ಟಕ್. ಎಣ್ಣೆಯನ್ನೂ ಸವರಲಿಲ್ಲ. ಹಣ್ಣು ಸೀಳಿತು, ಕೆಲಸವೇನೋ ಚೆನ್ನಾಗೇ ಆಯಿತು. ಚಾಕುವನ್ನು ಪೇಪರಿಗೆ ಒರೆಸಿ, ತೊಡೆಗೆ ಒತ್ತಿ ಮುಚ್ಚಿ, ಮೂವರೂ ತೊಳೆ ತಿನ್ನಲು ಕೂತೆವು.

ಹಲಸಿನ ಮೇಣ ಎಂಥದೆಂದು ಕೂದಲಿಗೆ ಅಂಟಿಸಿಕೊಂಡವರಿಗೆ ಗೊತ್ತು. ಅದು ಗುಂಡಿಗೆ, ಗುಳಿಗೆ, ಕೀಲಿಗೆ ಎಲ್ಲ ಕಡೆ ಇಳಿದಿತ್ತು. ಎರಡನೇ ಹಣ್ಣಿಗೆ ಹುಡುಗ ಚಾಕು ಎತ್ತಿ ಹೆಬ್ಬೆರಳು ಕೊಟ್ಟ. ಟಕ್ ಎನ್ನಲಿಲ್ಲ. ಮಣಿಕಟ್ಟು ಝಾಡಿಸಿದ. ಸವಾಯ್‌ನ ರೈತರ ಹಾಗೆ ಮೇಜಿಗೆ ಕುಟ್ಟಿಯೂ ನೋಡಿದ. ಕೊನೆಗೆ ಎಡಗೈ ಹಾಕಿ ಗುಬುಟನ್ನು ಎರಡು ಬೆರಳಿನಲ್ಲಿ ಜಗ್ಗಿದ, ಹಿಡಿ ಜಾರಿತು.

"ಅತ್ತೆ, ಸ್ವಲ್ಪ ಈ ಕಡೆ ಹಿಡ್ಕೊಳ್ತೀರಾ?"

ಅವಳು ಎಣ್ಣೆಯ ಕೈಯಲ್ಲೇ ಹಿಡಿದುಕೊಂಡಳು. ಮತ್ತೆ ಜಾರಿತು. ಬಟ್ಟೆ ತನ್ನಿ ಅಂದರು, ತಂದೆ. ನೀವೂ ಹಿಡೀರಿ ಮಾವ ಅಂದ, ಹಿಡಿದೆ. ಮೂವರ ಕೈ ಅದರ ಮೇಲಿದ್ದರೂ ಚಾಕು ಮುಚ್ಚಿಯೇ ಇತ್ತು. ಅವಳು ಕೈಬಿಟ್ಟು ಎದ್ದು ಎರಡನೇ ಹಣ್ಣನ್ನು ಮಚ್ಚಿನಿಂದ ಸೀಳಿದಳು, "ಮೇಣ ಬಿಡಿಸೋಕೆ ಸೀಮೆಎಣ್ಣೆ ಈಗ ಎಲ್ಲೂ ಸಿಗಲ್ಲ, ಪೀಣ್ಯಕ್ಕೇ ತಗೊಂಡ್ಹೋಗಪ್ಪ" ಅಂದಳು. ಹುಡುಗ ಅಂದು ಮೆಟ್ರೋದಲ್ಲಿ ಬಂದಿದ್ದ.